ಹೊಸ ನಾಯಕ ಬಂದ ಮೇಲೆ ರಾಜಕೀಯ ನಿಜಕ್ಕೂ ಬದಲಾಗುತ್ತಾ? 1983ರ ಹೆಗಡೆ ಸರ್ಕಾರದಿಂದಲೇ ಶುರು ಮಾಡೋಣ

ಹಳೇಪೇಪರ್

ಪ್ರತಿ ಚುನಾವಣೆ ಮುಗಿದಾಗಲೂ ಒಂದೇ ಮಾತು ಕೇಳಿಬರುತ್ತದೆ. "ಈ ಸಲ ಎಲ್ಲಾ ಬದಲಾಗುತ್ತೆ ನೋಡಿ." ಎರಡು ವರ್ಷ ಕಳೆದರೆ "ಎಲ್ಲರೂ ಒಂದೇ ಬಿಡಿ." ಎರಡಕ್ಕೂ ಲೆಕ್ಕ ಇಲ್ಲ, ಪುರಾವೆ ಇಲ್ಲ. ಹಾಗಾಗಿ ಒಂದು ಹಳೆಯ ಸರ್ಕಾರವನ್ನು ತೆಗೆದುಕೊಂಡು ಸಾವಕಾಶವಾಗಿ ನೋಡೋಣ ಅನ್ನಿಸಿತು. ಈಗಿನವರ ಬಗ್ಗೆ ಮಾತಾಡಿದರೆ ಹತ್ತನೇ ಕಾಮೆಂಟಿಗೆ ಜಗಳ ಶುರುವಾಗುತ್ತದೆ, ಅದಕ್ಕೆ.

1983ರ ಜನವರಿ. ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಗುಂಡೂರಾವ್ ಸರ್ಕಾರದ ಮೇಲೆ ಜನರಿಗೆ ಎಷ್ಟು ಸಿಟ್ಟಿತ್ತು ಅಂತ ಹಿರಿಯರನ್ನು ಕೇಳಿ. 1980ರಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗೋಲಿಬಾರ್. 1982ರಲ್ಲಿ ಗೋಕಾಕ್ ಚಳವಳಿ, ರಾಜ್‌ಕುಮಾರ್ ಬೀದಿಗಿಳಿದದ್ದು. ಜನತಾ ಪಕ್ಷಕ್ಕೆ 95 ಸೀಟು ಬಂತು, ಕಾಂಗ್ರೆಸ್‌ಗೆ 82. ಬಹುಮತ ಇರಲಿಲ್ಲ. 18 ಸೀಟಿನ ಬಿಜೆಪಿ, ಎಡಪಕ್ಷಗಳು, ಪಕ್ಷೇತರರು ಹೊರಗಿನಿಂದ ಬೆಂಬಲ ಕೊಟ್ಟರು. ರಾಮಕೃಷ್ಣ ಹೆಗಡೆ ಆಗ ಶಾಸಕರೇ ಅಲ್ಲ. ಮುಖ್ಯಮಂತ್ರಿ ಆದ ಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು.

ಅವರು ಹೇಳುತ್ತಿದ್ದದ್ದು "ಮೌಲ್ಯಾಧಾರಿತ ರಾಜಕಾರಣ". ಈಗ ಆ ಮಾತು ಕೇಳಿದರೆ ನಗು ಬರುತ್ತೆ, ಆಗ ಬರುತ್ತಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಅವರು ಕೊಟ್ಟ ಮಾತು ಉಳಿಸಿಕೊಂಡರಾ? ಅಳೆಯೋಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಗೆದ್ದವನು ತನ್ನ ಕೈಯಲ್ಲಿದ್ದ ಅಧಿಕಾರವನ್ನು ಬೇರೆಯವರಿಗೆ ಬಿಟ್ಟುಕೊಟ್ಟನಾ, ಇಲ್ಲವಾ? ರಸ್ತೆ, ಸೇತುವೆ, ಪಿಂಚಣಿ ಯಾರು ಬಂದರೂ ಮಾಡುತ್ತಾರೆ. ತನ್ನ ಮೇಲೇ ಕಣ್ಣಿಡುವವನನ್ನು ನೇಮಿಸುವುದು, ತನ್ನ ಖಜಾನೆಯ ಬೀಗದ ಕೈಯನ್ನು ಜಿಲ್ಲೆಗೆ ಕೊಡುವುದು, ಇದನ್ನು ಯಾರೂ ಸುಮ್ನೆ ಮಾಡಲ್ಲ.

ಹೆಗಡೆ ಸರ್ಕಾರ ಇವೆರಡನ್ನೂ ಮಾಡಿತು. ಲೋಕಾಯುಕ್ತ ಕಾಯ್ದೆ 1984ರದ್ದು, ಜಾರಿಗೆ ಬಂದದ್ದು 1986ರಲ್ಲಿ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರು. ಇನ್ನೊಂದು, 1983ರ ಜಿಲ್ಲಾ ಪರಿಷತ್ತು–ಮಂಡಲ ಪಂಚಾಯಿತಿ ಕಾಯ್ದೆ. ಜಿಲ್ಲೆಗೊಂದು ಪರಿಷತ್ತು, ಕೆಲವು ಹಳ್ಳಿ ಸೇರಿ ಒಂದು ಮಂಡಲ, ಎರಡಕ್ಕೂ ಆರಿಸಿ ಬಂದ ಸದಸ್ಯರು. ನನ್ನ ಪ್ರಕಾರ ಸ್ವಾತಂತ್ರ್ಯ ಬಂದ ಮೇಲೆ ಕರ್ನಾಟಕದಲ್ಲಿ ಆದ ದೊಡ್ಡ ರಾಜಕೀಯ ಬದಲಾವಣೆಗಳಲ್ಲಿ ಇದೂ ಒಂದು. ದೇವರಾಜ ಅರಸರ ಭೂಸುಧಾರಣೆಯ ಪಕ್ಕಕ್ಕೆ ಇಡಬಹುದು.

ಹೇಳಿ, ಏನನ್ನುತ್ತೀರಿ?

ಚಾಮರಾಜಪೇಟೆ ಬಸ್

ಗುರು, ಪಂಚಾಯತ್ ರಾಜ್ ತಂದದ್ದು ರಾಜೀವ್ ಗಾಂಧಿ ಅಂತ ನಾವು ಸ್ಕೂಲಲ್ಲಿ ಓದಿದ್ದು. ಸಂವಿಧಾನದ 73ನೇ ತಿದ್ದುಪಡಿ. ಹೆಗಡೆ ಎಲ್ಲಿ ಬಂದರು ಇದರಲ್ಲಿ?

ಲೆಕ್ಕಪುಸ್ತಕ

73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, ನರಸಿಂಹ ರಾವ್ ಪ್ರಧಾನಿ ಆಗಿದ್ದಾಗ. ರಾಜೀವ್ ಗಾಂಧಿ 1989ರಲ್ಲಿ ತಂದ 64ನೇ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಚುನಾವಣೆ ಆದದ್ದು 1987ರ ಜನವರಿಯಲ್ಲಿ. ಯಾವುದು ಮೊದಲು ಅಂತ ನೀವೇ ನೋಡಿ.

ಮಹಿಳೆಯರಿಗೆ ಆಗಲೇ ಶೇ. 25 ಮೀಸಲಾತಿ ಇತ್ತು. ಸಂವಿಧಾನದಲ್ಲಿ ಮೂರನೇ ಒಂದು ಭಾಗ ಅಂತ ಬರೆಯುವುದಕ್ಕೆ ಆರು ವರ್ಷ ಮೊದಲು. 2,500ಕ್ಕೂ ಹೆಚ್ಚು ಮಂಡಲ ಪಂಚಾಯಿತಿಗಳು. ಸುಮಾರು 400 ಜನಕ್ಕೆ ಒಬ್ಬ ಮಂಡಲ ಸದಸ್ಯ.

ನಿಜವಾದ ಏಟು ಬಿದ್ದದ್ದು ಅಧಿಕಾರಿಗಳ ಜಾಗಕ್ಕೆ. ಅಲ್ಲಿಯವರೆಗೆ ಜಿಲ್ಲೆ ಅಂದರೆ ಡಿಸಿ. ಹೊಸ ಕಾಯ್ದೆಯಲ್ಲಿ ಜಿಲ್ಲಾ ಪರಿಷತ್ತಿಗೆ ಒಬ್ಬ ಮುಖ್ಯ ಕಾರ್ಯದರ್ಶಿ. ಅವರು ಸೇವೆಯಲ್ಲಿ ಡಿಸಿಗಿಂತ ಸೀನಿಯರ್ ಆಗಿರಬೇಕು. ಅವರ ಮೇಲೆ ಜನರಿಂದ ಆರಿಸಿ ಬಂದ ಅಧ್ಯಕ್ಷರು, ಅವರಿಗೆ ರಾಜ್ಯ ಸಚಿವರ ದರ್ಜೆ. ಶಿಕ್ಷಣ, ಆರೋಗ್ಯ, ಕೃಷಿ ಇಲಾಖೆಗಳ ಜಿಲ್ಲಾ ಮಟ್ಟದ ಅಧಿಕಾರಿಗಳು ಪರಿಷತ್ತಿನ ಕೆಳಗೆ. ಕಾಗದದ ಮೇಲೆ ಇಷ್ಟನ್ನು ಬದಲಿಸುವುದೇ ದೊಡ್ಡ ಕೆಲಸ. ಆಗಿನ ಕರ್ನಾಟಕದಲ್ಲಿ ಅದು ನಡೆಯಿತು ಕೂಡ.

ತೆಂಗಿನಮರ

ಲೆಕ್ಕಪುಸ್ತಕ ಸಾರ್, ಎಲ್ಲಾ ಸರಿ. ಆದರೆ ಕಾಯ್ದೆ 1983ರದ್ದು, ಚುನಾವಣೆ 1987ರಲ್ಲಿ. ನಾಲ್ಕು ವರ್ಷ ಏನು ಮಾಡುತ್ತಿದ್ದರು? ಅಷ್ಟರಲ್ಲಿ ಒಂದು ಸರ್ಕಾರದ ಅವಧಿಯೇ ಹತ್ತಿರ ಹತ್ತಿರ ಮುಗಿಯುತ್ತಿತ್ತು.

ಲೆಕ್ಕಪುಸ್ತಕ

ಮಸೂದೆಗೆ ರಾಷ್ಟ್ರಪತಿ ಅಂಕಿತ ಬೇಕಿತ್ತು. ದಿಲ್ಲಿಯಲ್ಲಿ ಅದು 1985ರವರೆಗೆ ಕೂತಿತ್ತು. ದಿಲ್ಲಿಯಲ್ಲಿ ಕಾಂಗ್ರೆಸ್, ಬೆಂಗಳೂರಲ್ಲಿ ಜನತಾ. ಉಳಿದದ್ದು ಊಹೆ ಮಾಡಿಕೊಳ್ಳಿ.

ಅಷ್ಟರಲ್ಲಿ 1984ರ ಡಿಸೆಂಬರಿನ ಲೋಕಸಭಾ ಚುನಾವಣೆ. ಇಂದಿರಾ ಹತ್ಯೆಯ ಅಲೆ. ಕರ್ನಾಟಕದ 28ರಲ್ಲಿ ಕಾಂಗ್ರೆಸ್‌ಗೆ 24, ಜನತಾಗೆ ನಾಲ್ಕೇ. ಹೆಗಡೆ "ಜನರ ವಿಶ್ವಾಸ ಹೋಗಿದೆ" ಅಂತ ರಾಜೀನಾಮೆ ಕೊಟ್ಟು ವಿಧಾನಸಭೆಗೇ ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ 139 ಸೀಟು ಗೆದ್ದು ವಾಪಸ್ ಬಂದರು. ಮೂರೇ ತಿಂಗಳ ಅಂತರ. ಕರ್ನಾಟಕದ ಮತದಾರ ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಅಂತ ಬೇರೆ ಬೇರೆಯಾಗಿ ಯೋಚಿಸುತ್ತಾನೆ ಅನ್ನುವುದಕ್ಕೆ ಇವತ್ತಿಗೂ ಇದನ್ನೇ ಉದಾಹರಣೆ ಕೊಡುತ್ತಾರೆ.

ನಮ್ಮೂರ ಸಂತೆ

ನೀವೆಲ್ಲ ಕಾಯ್ದೆ ಬಗ್ಗೆ ಹೇಳುತ್ತಿದ್ದೀರಿ. ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ.

ನಮ್ಮ ದೊಡ್ಡಮ್ಮ 1987ರಲ್ಲಿ ಮಂಡಲ ಪಂಚಾಯಿತಿ ಸದಸ್ಯೆ ಆದರು. ತುಮಕೂರು ಕಡೆಯ ಹಳ್ಳಿ. ಅವರು ನಿಲ್ಲುತ್ತೇನೆ ಅಂದಿರಲಿಲ್ಲ, ಮಹಿಳಾ ಸೀಟು ಬಂತು ಅಂತ ದೊಡ್ಡಪ್ಪ ನಿಲ್ಲಿಸಿದರು. ಮೊದಮೊದಲು ಮೀಟಿಂಗಿಗೆ ಹೋಗುವುದು ದೊಡ್ಡಪ್ಪನೇ. ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು, ದೊಡ್ಡಮ್ಮ ಒಲೆ ಮುಂದೆ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದರು. ಇದನ್ನು ಮುಚ್ಚಿಡಬೇಕಾಗಿಲ್ಲ, ಬಹಳ ಕಡೆ ಹೀಗೇ ಇತ್ತು.

ಆಮೇಲೆ ಬೋರಿಂಗ್ ವಿಷಯ ಬಂತು. ನಮ್ಮ ಕೇರಿಯ ಬೋರಿಂಗ್ ಕೆಟ್ಟು ಕೂತಿತ್ತು. ಒಳಗಿನ ವಾಷರ್ ಸವೆದು ಕೈ ಹೊಡೆದರೆ ಗಾಳಿ ಬರುತ್ತಿತ್ತು. ಹೆಂಗಸರು ದೊಡ್ಡಪ್ಪನ ಹತ್ತಿರ ಹೋಗಲಿಲ್ಲ, ಸೀದಾ ದೊಡ್ಡಮ್ಮನ ಹತ್ತಿರ ಬಂದು "ನೀನಲ್ವೇನೇ ಮೆಂಬರು" ಅಂತ ಕೇಳಿದರು. ಆ ತಿಂಗಳ ಮೀಟಿಂಗಿಗೆ ದೊಡ್ಡಮ್ಮ ತಾವೇ ಹೋದರು. ನಾನೂ ಜೊತೆಗೆ ಹೋಗಿದ್ದೆ, ಬಿಸ್ಕತ್ತು ಕೊಡುತ್ತಾರೆ ಅಂತ. ಸೆಕ್ರೆಟರಿ "ಬರೆದುಕೊಂಡಿದ್ದೀನಮ್ಮ, ಆಗುತ್ತೆ" ಅಂದರು. ದೊಡ್ಡಮ್ಮ "ಎಲ್ಲಿ ಬರೆದಿದ್ದೀರಿ, ಓದಿ" ಅಂದರು. ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ. ಅವತ್ತು ಬರೆಸಿಯೇ ಎದ್ದು ಬಂದರು. ರಿಪೇರಿ ವ್ಯಾನ್ ಬಂತು.

ಅದಾದ ಮೇಲೆ ದೊಡ್ಡಪ್ಪ ಮೀಟಿಂಗಿಗೆ ಹೋಗಲಿಲ್ಲ. ಹೋಗುವುದು ಹಾಗಿರಲಿ, ಮೀಟಿಂಗಲ್ಲಿ ಏನಾಯ್ತು ಅಂತ ದೊಡ್ಡಮ್ಮನನ್ನೇ ಕೇಳುತ್ತಿದ್ದರು. ಅವರ ಅವಧಿ ಮುಗಿಯುವವರೆಗೆ ಸ್ಕೂಲಿನ ಮೇಷ್ಟ್ರೂ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ಯಾಕಂದರೆ ಬರದಿದ್ದರೆ ಕೇಳುವವರು ಬೆಂಗಳೂರಲ್ಲಿ ಇರಲಿಲ್ಲ, ಮೂರನೇ ಮನೆಯಲ್ಲಿದ್ದರು.

ಹಳೇಪೇಪರ್

ಮೇಡಂ, ನಿಮ್ಮ ದೊಡ್ಡಮ್ಮನ ಹಾಗೆ ಸುಮಾರು 14 ಸಾವಿರ ಹೆಣ್ಣುಮಕ್ಕಳು ಆ ಚುನಾವಣೆಯಲ್ಲಿ ಮಂಡಲಗಳಿಗೆ ಬಂದರು. ಮೇಷ್ಟ್ರ ವಿಷಯ ನಿಮ್ಮೂರಿನದು ಮಾತ್ರ ಅಲ್ಲ. ಕೆ.ಎಸ್. ಕೃಷ್ಣಸ್ವಾಮಿ ಅಧ್ಯಕ್ಷತೆಯ ಮೌಲ್ಯಮಾಪನ ಸಮಿತಿಯೂ 1989ರಲ್ಲಿ ಹಳ್ಳಿಗಳಲ್ಲಿ ಶಿಕ್ಷಕರ, ವೈದ್ಯರ ಹಾಜರಿ ಸುಧಾರಿಸಿದೆ ಅಂತಲೇ ಹೇಳಿತು.

ಬೋರಿಂಗ್ ಅಂದ ಕೂಡಲೇ ಅಬ್ದುಲ್ ನಜೀರ್ ಸಾಬ್ ಹೆಸರು ಹೇಳದಿದ್ದರೆ ತಪ್ಪಾಗುತ್ತೆ. ಗುಂಡ್ಲುಪೇಟೆಯವರು, ಗ್ರಾಮೀಣಾಭಿವೃದ್ಧಿ ಸಚಿವರು. ಬರದಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದರು ಅಂತ ಜನ "ನೀರ್ ಸಾಬ್" ಅಂದರು. ಪಂಚಾಯಿತಿ ಕಾಯ್ದೆಯನ್ನು ಎತ್ತಿಕೊಂಡು ಓಡಾಡಿದ್ದೂ ಅವರೇ. 1988ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಗೆ ಅವರದೇ ಹೆಸರು. ಹೊಸ ನಾಯಕ ಮಾತು ಉಳಿಸಿಕೊಂಡ ಅನ್ನುತ್ತೇವಲ್ಲ, ಅದರಲ್ಲಿ ಅರ್ಧ ಇಂಥ ಒಬ್ಬ ಮಂತ್ರಿ ಸಿಕ್ಕಿದ ಅನ್ನುವುದೂ ಇರುತ್ತೆ. ಹೆಗಡೆ ಒಬ್ಬರೇ ಆಗಿದ್ದರೆ ಕಾಯ್ದೆ ಪಾಸಾಗುತ್ತಿತ್ತೋ ಏನೋ, ಹಳ್ಳಿಗೆ ಬರುತ್ತಿತ್ತು ಅಂತ ನನಗನ್ನಿಸಲ್ಲ.

ತೆಂಗಿನಮರ

ಹೂಂ, ಆರತಿ ಎತ್ತಿದ್ದು ಸಾಕು. ಸಾರಾಯಿ ಬಾಟ್ಲಿಂಗ್ ಕಾಂಟ್ರ್ಯಾಕ್ಟ್ ಯಾರೂ ಹೇಳಲ್ಲ ಯಾಕೆ? 1986ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಗುತ್ತಿಗೆ ಕೊಟ್ಟ ರೀತಿಗೆ ಛೀಮಾರಿ ಹಾಕಿತು. ಹೆಗಡೆ ರಾಜೀನಾಮೆ ಕೊಟ್ಟರು, ಮೂರು ದಿನಕ್ಕೆ ವಾಪಸ್ ತಗೊಂಡರು. ಮೌಲ್ಯ ಅಂದರೆ ಮೂರು ದಿನದ್ದಾ?

ಆಮೇಲೆ 1988, ಟೆಲಿಫೋನ್ ಕದ್ದಾಲಿಕೆ. ತನ್ನದೇ ಪಕ್ಷದವರ ಫೋನ್ ಕೇಳಿಸಿಕೊಂಡ ಆರೋಪ. ಆಗಸ್ಟ್‌ನಲ್ಲಿ ಕುರ್ಚಿ ಬಿಟ್ಟರು. ಹಳ್ಳಿಗೆ ಅಧಿಕಾರ ಹಂಚುತ್ತೇನೆ ಅನ್ನುವ ಮನುಷ್ಯನ ಸರ್ಕಾರಕ್ಕೆ ಪಕ್ಕದವನು ಫೋನಲ್ಲಿ ಏನು ಮಾತಾಡುತ್ತಾನೆ ಅಂತ ಗೊತ್ತಾಗಬೇಕಿತ್ತಾ? ಈ ಎರಡೂ ಒಂದೇ ಮನೆಯಲ್ಲಿ ಹೇಗೆ ಇದ್ದವು ಅಂತ ಯಾರಾದರೂ ವಿವರಿಸಿ.

ಹಳೇಪೇಪರ್

ವಿವರಿಸೋಕೆ ಹೋಗಲ್ಲ, ಎರಡೂ ಇದ್ದವು. ಅದಕ್ಕೇ ನಾನು ನಾಯಕನ ಗುಣಕ್ಕೆ ಮಾರ್ಕ್ಸ್ ಕೊಡುತ್ತಿಲ್ಲ. ಹೋದ ಮೇಲೆ ಏನು ಉಳಿಯಿತು ಅಂತ ನೋಡುತ್ತಿದ್ದೇನೆ.

ಲೋಕಾಯುಕ್ತ ಉಳಿಯಿತು. 2011ರಲ್ಲಿ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದು ಯಡಿಯೂರಪ್ಪ ಮುಖ್ಯಮಂತ್ರಿ ಸ್ಥಾನ ಬಿಡಬೇಕಾಯ್ತಲ್ಲ, ಅದರ ಬೇರು 1984ರ ಕಾಯ್ದೆಯಲ್ಲಿದೆ. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿ ಲೋಕಾಯುಕ್ತದ ಹಲ್ಲು ಕಿತ್ತರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು. ಒಂದು ಸಂಸ್ಥೆಯನ್ನು ಮುಗಿಸಲು ಇಷ್ಟು ಕಷ್ಟಪಡಬೇಕಾಗುತ್ತೆ ಅಂದರೆ ಕಟ್ಟಿದವರು ಏನೋ ಸರಿಯಾಗಿ ಕಟ್ಟಿದ್ದಾರೆ ಅಂತ ಅರ್ಥ.

ಬಿಸಿಲನಾಡು

ಅಣ್ಣಾ, ನಿಮ್ಮ ಅಳತೆನೇ ನನಗೆ ಒಪ್ಪಿಗೆ ಆಗವಲ್ದು. ರಸ್ತೆ, ಪಿಂಚಣಿ ಯಾರು ಬಂದರೂ ಮಾಡುತ್ತಾರೆ ಅಂದಿರಿ. ನಮ್ಮ ಕಲಬುರಗಿ ಕಡೆ ಯಾರು ಬಂದರೂ ಮಾಡಿಲ್ಲರೀ.

2023ರ ಕಾಂಗ್ರೆಸ್ ಸರ್ಕಾರ ನೋಡಿ. 135 ಸೀಟು. ಮೇ 20ಕ್ಕೆ ಪ್ರಮಾಣವಚನ. ಜೂನ್ 11ಕ್ಕೆ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಶುರು. ಆಗಸ್ಟ್ 30ಕ್ಕೆ ಮೈಸೂರಲ್ಲಿ ಗೃಹಲಕ್ಷ್ಮಿ. ಅನ್ನಭಾಗ್ಯಕ್ಕೆ ಅಕ್ಕಿ ಸಿಗಲಿಲ್ಲ ಅಂದಾಗ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ಖಾತೆಗೆ ರೊಕ್ಕ ಹಾಕಿದರು. ಯುವನಿಧಿ 2024ರ ಜನವರಿಯಲ್ಲಿ. ಹೇಳಿದ ಐದೂ ಗ್ಯಾರಂಟಿ ಒಂದು ವರ್ಷದೊಳಗೆ ಶುರು. ಮಾತು ಉಳಿಸಿಕೊಳ್ಳೋದು ಅಂದರೆ ಇನ್ನೇನ್ರಿ?

ನಮ್ಮವ್ವ ಜೀವಮಾನದಾಗ ಮೊದಲ ಸಲ ತನ್ನ ಹೆಸರಿನ ಪಾಸ್‌ಬುಕ್ಕಿನಾಗ ತನ್ನ 2,000 ರೂಪಾಯಿ ನೋಡಿದಳು. ತವರಿಗೆ ಹೋಗಲು ಅಪ್ಪನ ಹತ್ತಿರ ಬಸ್‌ಚಾರ್ಜ್ ಕೇಳುವುದು ತಪ್ಪಿತು. ಮಂಡಲ ಪಂಚಾಯಿತಿ ಸದಸ್ಯತ್ವ ಅಧಿಕಾರ, ಇದು ಅಧಿಕಾರ ಅಲ್ಲೇನು?

ನಮ್ಮೂರ ಸಂತೆ

ಬಿಸಿಲನಾಡು ಅವರ ಮಾತು ತಳ್ಳಿಹಾಕುವ ಹಾಗಿಲ್ಲ. ಮನೆಯೊಳಗಿನ ಅಧಿಕಾರ ಬದಲಾಗುವುದು ಸಣ್ಣ ವಿಷಯ ಅಲ್ಲ. ಗಂಡಸರಿಗೆ ಅದು ರಾಜಕೀಯ ಅಂತ ಕಾಣಿಸುವುದೇ ಇಲ್ಲ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತೆ, ಒಬ್ಬೊಬ್ಬರೇ ಎಷ್ಟು ಹೆಂಗಸರು ಓಡಾಡುತ್ತಿದ್ದಾರೆ ಅಂತ.

ಹಳೇಪೇಪರ್

ಒಪ್ಪುತ್ತೇನೆ. ಅದನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರ ಜೊತೆ ನಾನಿಲ್ಲ. ಆದರೆ ಒಂದು ಪ್ರಶ್ನೆ. ನಿಮ್ಮವ್ವನ ಖಾತೆಗೆ ಎರಡು ತಿಂಗಳು ಹಣ ಬರಲಿಲ್ಲ ಅಂದುಕೊಳ್ಳಿ. ಯಾರ ಹತ್ತಿರ ಹೋಗುತ್ತಾರೆ? ಅಂಗನವಾಡಿ ಟೀಚರ್ ಹತ್ತಿರ. ಅವರು ಮೇಲಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸ್ ತೋರಿಸುತ್ತಾರೆ. ಅಲ್ಲಿ "ಮೇಲಿಂದ ಬಂದಿಲ್ಲಮ್ಮ" ಅನ್ನುತ್ತಾರೆ. ಆ ಮೇಲಿರುವವರನ್ನು ನಿಲ್ಲಿಸಿ ಕೇಳಲು ಜಿಲ್ಲೆಯಲ್ಲಿ ಆರಿಸಿ ಬಂದ ಒಬ್ಬರಾದರೂ ಬೇಕಲ್ವಾ?

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ನಾವು ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ಇಟ್ಟರು. ಬೆಂಗಳೂರಿನ ಕಥೆಯೂ ಅಷ್ಟೇ. ಬಿಬಿಎಂಪಿಗೆ ಕೊನೆಯ ಸಲ ಓಟು ಹಾಕಿದ್ದು 2015ರಲ್ಲಿ, ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದುಹೋಯಿತು.

ಚಾಮರಾಜಪೇಟೆ ಬಸ್

ಅದು ನಿಜ ಗುರು. ನಮ್ಮ ರಸ್ತೆ ಗುಂಡಿಗೆ ಬೈಯೋಕೂ ಕಾರ್ಪೊರೇಟರ್ ಇಲ್ಲ. ಎಂಎಲ್‌ಎ ಮನೆಗೆ ಹೋದರೆ ಪಿಎ "ಮೆಸೇಜ್ ಹಾಕಿ" ಅಂತಾನೆ. ಆದರೆ 2021ರಲ್ಲಿ ಇದ್ದದ್ದು ಬಿಜೆಪಿ ಸರ್ಕಾರ. ಎಲ್ಲಾ 2023ರವರ ತಲೆಗೆ ಕಟ್ಟಬೇಡಿ.

ಲೆಕ್ಕಪುಸ್ತಕ

ಯಾರ ತಲೆಗೆ ಕಟ್ಟಬೇಕೋ ಅವರಿಗೇ ಕಟ್ಟೋಣ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಗುರುತಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗಿನ ಬಿಜೆಪಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದಿಂದ ಕಿತ್ತುಕೊಂಡಿತು. ಸೀಮಾ ನಿರ್ಣಯಕ್ಕೆ ಬೇರೆ ಆಯೋಗ ಮಾಡಿತು. ಕೆಲಸ ಮತ್ತೆ ಮೊದಲಿಂದ. ಆಗ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಅವರ ತಂದೆ ಎಸ್.ಆರ್. ಬೊಮ್ಮಾಯಿ ಹೆಗಡೆ ಸಂಪುಟದಲ್ಲಿದ್ದು, 1988ರಲ್ಲಿ ಅವರ ಜಾಗಕ್ಕೇ ಬಂದವರು. ಬಹುಮತ ಸದನದಲ್ಲೇ ಸಾಬೀತು ಮಾಡುತ್ತೇನೆ ಅಂದರೂ ಕೇಳದೆ 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರ ವಜಾ ಮಾಡಿದ್ದು, 1994ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಅಂದದ್ದು ಗೊತ್ತೇ ಇದೆ.

ಇನ್ನು 2023ರ ಕಡೆ. ಸಿದ್ದರಾಮಯ್ಯ 1983ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದಿಂದ ಮೊದಲ ಸಲ ಗೆದ್ದವರು. ಹೆಗಡೆ ಕಾಲದ ಕನ್ನಡ ಕಾವಲು ಸಮಿತಿಗೆ ಮೊದಲ ಅಧ್ಯಕ್ಷರು. ಆಮೇಲೆ ಅದೇ ಸರ್ಕಾರದಲ್ಲಿ ಸಚಿವರು. ಜಿಲ್ಲಾ ಪರಿಷತ್ತು ಹುಟ್ಟುವುದನ್ನು ಹತ್ತಿರದಿಂದ ನೋಡಿದ ಮನುಷ್ಯ. ಅವರು ಎರಡನೇ ಸಲ ಮುಖ್ಯಮಂತ್ರಿ ಆಗಿ ಬಂದ ಮೇಲೆ ಮೊದಲ ವರ್ಷದಲ್ಲೇ ಈ ಚುನಾವಣೆ ಮಾಡಿಸಬಹುದಿತ್ತು. ಮಾಡಲಿಲ್ಲ. ಸಂವಿಧಾನದ 243ಇ ವಿಧಿಯ ಪ್ರಕಾರ ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕು. ಆ ಮಾತನ್ನು ಎರಡೂ ಪಕ್ಷಗಳು ಗೋಡೆಗೆ ತೂಗುಹಾಕಿವೆ.

ತೆಂಗಿನಮರ

ಯಾಕೆ ಮಾಡಲ್ಲ ಅನ್ನುವುದು ಗುಟ್ಟೇನಲ್ಲ. ಶಾಸಕರಿಗೆ ಬೇಡ. ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ಮುಂದಿನ ಚುನಾವಣೆಗೆ ಟಿಕೆಟ್ ಕೇಳುವವನು. ಅವನನ್ನು ತಾನೇ ಯಾಕೆ ಬೆಳೆಸುತ್ತಾನೆ? ಈಗ ಕೆಡಿಪಿ ಸಭೆಯಲ್ಲಿ, ಅಂದರೆ ಜಿಲ್ಲೆಯ ಅಭಿವೃದ್ಧಿ ಕೆಲಸ ಪರಿಶೀಲಿಸುವ ಸಭೆಯಲ್ಲಿ, ಉಸ್ತುವಾರಿ ಸಚಿವರು, ಅವರ ಪಕ್ಕದಲ್ಲಿ ಶಾಸಕರು, ಎದುರಿಗೆ ಜಿಲ್ಲಾ ಪಂಚಾಯಿತಿ ಸಿಇಒ. ಕೆಲಸ ಯಾರಿಗೆ ಅನ್ನುವುದು ಅಲ್ಲೇ ತೀರ್ಮಾನ. ಕಾಂಟ್ರ್ಯಾಕ್ಟರ್‌ಗೂ ಅನುಕೂಲ, ಒಂದೇ ಬಾಗಿಲು ತಟ್ಟಿದರೆ ಸಾಕು.

ಹಳೇಪೇಪರ್

ಈ ಕಷ್ಟ ಹೆಗಡೆಗೂ ಇತ್ತು. ಜಿಲ್ಲಾ ಪರಿಷತ್ ಅಧ್ಯಕ್ಷರ ಕಾರು, ದರ್ಜೆ ನೋಡಿ ಶಾಸಕರ ಹೊಟ್ಟೆ ಉರಿದಿತ್ತು. ಅವರನ್ನು ಸಮಾಧಾನ ಮಾಡೋಕೋ ಏನೋ, ತಾಲ್ಲೂಕು ಪಂಚಾಯಿತಿ ಸಮಿತಿಗೆ ಶಾಸಕರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಆ ಸಮಿತಿಗೆ ಸಲಹೆ ಕೊಡುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಕುರ್ಚಿ ಕೊಟ್ಟು ಬೀಗದ ಕೈ ಕೊಡದ ಉಪಾಯ, ಚೆನ್ನಾಗಿತ್ತು.

ಇನ್ನೂ ಒಂದು ಮಾತು. 1987ರಲ್ಲಿ ಜನತಾ ಪಕ್ಷ ಎಲ್ಲಾ ಜಿಲ್ಲೆ ಗೆಲ್ಲಲಿಲ್ಲ. ಹಲವು ಜಿಲ್ಲಾ ಪರಿಷತ್ತುಗಳು ಕಾಂಗ್ರೆಸ್ ಕೈಗೆ ಹೋದವು. ಅಲ್ಲಿಗೂ ಅದೇ ಕಾಯ್ದೆ, ಅದೇ ಅಧಿಕಾರ. ವಿರೋಧಿಗಳ ಕೈಗೆ ಹೋಗಬಹುದು ಅಂತ ಗೊತ್ತಿದ್ದೂ ಚುನಾವಣೆ ಮಾಡಿದರಲ್ಲ, ನನಗೆ ಮುಖ್ಯ ಅನ್ನಿಸುವುದು ಅದು. ಇವತ್ತು ಸೋಲುವ ಭಯ ಇದ್ದರೆ ವಾರ್ಡ್ ಗಡಿ ಮತ್ತೆ ಬರೆಯುತ್ತಾರೆ, ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗುತ್ತೆ, ವರ್ಷ ಉರುಳುತ್ತೆ.

ಬಿಸಿಲನಾಡು

ಹಂಗಾದರೆ 1992ರಲ್ಲಿ ಆ ಪರಿಷತ್ತುಗಳು ಯಾಕೆ ಉಳಿಯಲಿಲ್ಲ? ಅಷ್ಟು ಗಟ್ಟಿ ಇದ್ದಿದ್ದರೆ ಮುಂದಿನ ಸರ್ಕಾರ ಕೈ ಹಾಕಲಿಕ್ಕೆ ಹೆದರಬೇಕಿತ್ತಲ್ಲರೀ. ಐದು ವರ್ಷ ಮುಗಿಯಿತು, ಆಡಳಿತಾಧಿಕಾರಿ ಬಂದು ಕೂತರು, ಊರಾಗ ಯಾರೂ ಬೀದಿಗೆ ಬರಲಿಲ್ಲ. ನಾಳೆ ಗೃಹಲಕ್ಷ್ಮಿ ನಿಲ್ಲಿಸಲಿ ನೋಡೋಣ, ನಮ್ಮವ್ವ ಮೊದಲು ಬರುತ್ತಾಳೆ.

ಹಳೇಪೇಪರ್

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. 1989ರಲ್ಲಿ ಬಂದ ಕಾಂಗ್ರೆಸ್ ಸರ್ಕಾರಕ್ಕೆ ಪರಿಷತ್ತು ಬೇಡವಾಗಿತ್ತು. ಅವಧಿ ಮುಗಿದ ಮೇಲೆ ಚುನಾವಣೆ ಮಾಡಲಿಲ್ಲ. ಮತ್ತೆ ಜಿಲ್ಲಾ ಪಂಚಾಯಿತಿಗೆ ಚುನಾವಣೆ ಆದದ್ದು 1995ರಲ್ಲಿ, ಅದೂ ಸಂವಿಧಾನ ಹೇಳಿದ್ದಕ್ಕೆ. 1993ರ ಕಾಯ್ದೆಯಲ್ಲಿ ಮಂಡಲ ಹೋಗಿ ಗ್ರಾಮ ಪಂಚಾಯಿತಿ ಆಯಿತು. ಪರಿಷತ್ತಿನ ಆ ಗತ್ತು ಮತ್ತೆ ಬರಲಿಲ್ಲ.

ಜನ ಬೀದಿಗೆ ಬರಲಿಲ್ಲ ಅನ್ನುವುದು ನಿಜ. ಕೈಗೆ ಬಂದ ದುಡ್ಡು ನಿಂತರೆ ಅವತ್ತೇ ಗೊತ್ತಾಗುತ್ತೆ. ಕೇಳುವ ಹಕ್ಕು ಹೋದರೆ ಬೋರಿಂಗ್ ಕೆಟ್ಟ ದಿನ ಗೊತ್ತಾಗುತ್ತೆ. ನಿಮ್ಮ ವಾದದಲ್ಲಿ ಬಲ ಇದೆ. ಆದರೆ ನನ್ನ ಅಳತೆ ಬಿಡಲ್ಲ.

ನಮ್ಮೂರ ಸಂತೆ

ನಮ್ಮೂರಲ್ಲಿ ಪ್ರತಿಭಟನೆ ಆಗಲಿಲ್ಲ, ಹೌದು. ದೊಡ್ಡಮ್ಮ ಮಾತ್ರ 1993ರಲ್ಲಿ ಮತ್ತೆ ನಿಂತರು, ಗ್ರಾಮ ಪಂಚಾಯಿತಿಗೆ. ಅದು ಸಾಮಾನ್ಯ ಸೀಟು, ಮೀಸಲು ಅಲ್ಲ. ದೊಡ್ಡಪ್ಪ ಬೇಡ ಅಂದಿದ್ದರು.

ಚಾಮರಾಜಪೇಟೆ ಬಸ್

ಗೆದ್ದರಾ ಮೇಡಂ?

ನಮ್ಮೂರ ಸಂತೆ

ಸೋತರು. ಹನ್ನೊಂದು ಓಟಿನಲ್ಲಿ. ಯಾರ್ಯಾರು ಹಾಕಲಿಲ್ಲ ಅಂತ ಕೊನೆಯವರೆಗೂ ಹೆಸರು ಹೇಳುತ್ತಿದ್ದರು.

ಚಾಮರಾಜಪೇಟೆ ಬಸ್

ಸರಿ, ಹಳೇಪೇಪರ್ ಸಾರ್, ಸುತ್ತಿ ಬಳಸಿದ್ದು ಸಾಕು. ಹೆಗಡೆಗೆ ಹತ್ತಕ್ಕೆ ಎಷ್ಟು?

ಹಳೇಪೇಪರ್

ಆರೂವರೆ. ಟೆಲಿಫೋನಿಗೆ ಎರಡು ಕಳೆದೆ, ಸಾರಾಯಿಗೆ ಒಂದು. ರಾಜೀನಾಮೆ ವಾಪಸ್ ತಗೊಂಡದ್ದಕ್ಕೆ ಅರ್ಧ.

ತೆಂಗಿನಮರ

ಸಾರಾಯಿಗೆ ಬರೀ ಒಂದಾ? ಲೆಕ್ಕಪುಸ್ತಕ ಸಾರ್, ನೀವೇ ಹಾಕಿ, ಇವರು ಜಾಸ್ತಿ ಉದಾರ.

ಲೆಕ್ಕಪುಸ್ತಕ

ನಾನು ಐದು ಕೊಡುತ್ತೇನೆ. 2023ರವರಿಗೆ ಗ್ಯಾರಂಟಿಗೆ ಎಂಟು, ಪಂಚಾಯಿತಿಗೆ ಸೊನ್ನೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಬೇರೆ ಬೇರೆ ವಿಷಯದ ಪೇಪರ್ ಅವು.